ಸೊಟ್ಟ ಬಾಣ

“ಬೆಟ್ಟದಲ್ಲಿ ನಿನ್ನ ಬಿಟ್ಟು ಒಬ್ಳೇ ಇಳಿಯಲ್ಲ” ಎಂದು ಮಗಳು ಶರ್ವಾಣಿಗೆ ಅವಳು ಮೂರು ವರ್ಷದವಳಿದ್ದಾಗಲೇ ಮಾತು ಕೊಟ್ಟಿದ್ದೆ. ಇಲ್ಲಿ ಫೋನು ದಾರಿ ತೋರಿಸುವುದಿಲ್ಲ. ಬಂಡೆಗಳ ಮೇಲೆ ನಾವೇ ಸುಣ್ಣದ ಬಾಣ ಬರೆಯುತ್ತೇವೆ. ಬೆಟ್ಟ ಅವನ್ನು ನಕಲು ಮಾಡುತ್ತದೆ, ಒಮ್ಮೊಮ್ಮೆ ನಮ್ಮನ್ನೂ. ಅದರ ಬಾಣಗಳು ಮಾತ್ರ ತೀರಾ ನೇರ.

ಕವಲಿನಲ್ಲಿ ಎರಡು ಬಾಣಗಳಿದ್ದವು. ಶೂ ಲೇಸ್ ಕಟ್ಟಲು ಹಿಂದೆ ಉಳಿದಿದ್ದ ಮಗಳು ಓಡಿಬಂದು ಕೈ ಹಿಡಿದಳು.

“ಅಮ್ಮಾ, ನೇರ ಇರೋದೇ ನಮ್ದು. ಆ ಸೊಟ್ಟ ಬಾಣ ಯಾವ ದಡ್ಡ ಬರ್ದಿದ್ದೋ!”

ಅದನ್ನು ಹೋದ ವರ್ಷ ಶರ್ವಾಣಿಯೇ ಬರೆದಿದ್ದಳು. ಸೊಟ್ಟಗಿದೆ ಎಂದು ನಾನು ಬೈದಿದ್ದಕ್ಕೆ ಇಡೀ ದಿನ ಮುನಿಸಿಕೊಂಡಿದ್ದಳು.

ಬಾಣದಿಂದ ಕಣ್ಣು ತೆಗೆದು ಪಕ್ಕದಲ್ಲಿದ್ದವಳ ಮುಖ ನೋಡಿದೆ. ಕೈ ಬಿಡಿಸಿಕೊಂಡು ಹಿಂದಕ್ಕೆ ಹತ್ತಿದೆ.

ತಿರುವಿನಾಚೆ ಶರ್ವಾಣಿ ಇನ್ನೂ ಲೇಸ್ ಜೊತೆ ಗುದ್ದಾಡುತ್ತಿದ್ದಳು.

“ಯಾರ್ ಜೊತೆ ಮಾತಾಡ್ತಿದ್ದೆ, ಅಮ್ಮಾ?”

“ಯಾರೂ ಇಲ್ಲ. ನಡಿ.”

ಸೊಟ್ಟ ಬಾಣದ ದಾರಿಯಲ್ಲಿ ಇಬ್ಬರೂ ಇಳಿದೆವು. ಕೊಟ್ಟ ಮಾತು ಉಳಿಯಿತು.