ನೊಣ ಹಿಡಿಯುವ ಗಿಡ

ಡಿಸೆಂಬರಿನಲ್ಲಿ ಚಿಕಿತ್ಸೆಗೆಂದು ಬೇರೆ ಊರಿಗೆ ಹೊರಟ ಅಕ್ಕ, ತಾನು ಸಾಕಿದ್ದ ನೊಣ ಹಿಡಿಯುವ ಗಿಡವನ್ನು ತಂಗಿ ಕುಮುದಳ ಕೈಗೆ ಕೊಟ್ಟಳು. ಜೊತೆಗೆ ಎರಡು ಕ್ಯಾನ್ ಮಳೆನೀರು.

"ಇದನ್ನೇ ಹಾಕು. ಬೋರ್‌ವೆಲ್ ನೀರು ಹಾಕಿದ್ರೆ ಸತ್ತೋಗುತ್ತೆ ಕಣೇ."

ಬೆಳಗಿನ ಗಡಿಬಿಡಿಯಲ್ಲಿ ಕುಮುದ ಮನಿಪ್ಲಾಂಟಿಗೆ ಹಾಕುವ ಬೋರ್‌ವೆಲ್ ನೀರನ್ನೇ ಅದಕ್ಕೂ ಸುರಿಯುತ್ತಾ ಬಂದಳು. ಮೂರು ವಾರಕ್ಕೆ ಗಿಡ ಬುಡಸಮೇತ ಕೊಳೆಯಿತು.

ಅಕ್ಕ ದಿನಾ ಸಂಜೆ ಫೋನ್ ಮಾಡುತ್ತಿದ್ದಳು.

"ಗಿಡ ಹೇಗಿದೆ?"

"ಚೆನ್ನಾಗಿದೆ ಅಕ್ಕ. ಇವತ್ತೂ ಒಂದು ನೊಣ ಹಿಡೀತು."

"ದೊಡ್ಡದಾ?"

ಎಲೆ ಬಾಯಿ ಮುಚ್ಚಿದ್ದನ್ನು ಕುಮುದ ಕಣ್ಣಾರೆ ಕಂಡವಳಂತೆ ವಿವರಿಸುತ್ತಿದ್ದಳು. ಆ ಕಡೆಯಿಂದ ಅಕ್ಕನ ನಗು ಕೇಳುತ್ತಿತ್ತು. ಆ ನಗು ಕೇಳಿದ ಮೇಲೆ ನಿಜ ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಫೋನ್ ಇಟ್ಟರೆ ಊಟ ಸೇರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಅಕ್ಕ ವಾಪಸು ಬಂದಳು. ತುಂಬಾ ಇಳಿದುಹೋಗಿದ್ದಳು. ಕುಮುದ ಖಾಲಿ ಕುಂಡವನ್ನು ತಂದು ಅವಳ ಮುಂದಿಟ್ಟು ಅತ್ತುಬಿಟ್ಟಳು.

"ಅದು ಯಾವಾಗಲೋ ಹೋಯ್ತು ಅಕ್ಕ. ನಾನೇ ಸಾಯಿಸಿದೆ. ದಿನಾ ನಿಂಗೆ ಸುಳ್ಳು ಹೇಳಿದೆ."

"ಗೊತ್ತಿತ್ತು. ಚಳಿಗಾಲದಲ್ಲಿ ಅದು ಮಲಗಿಬಿಡುತ್ತೆ, ದಿನಾ ನೊಣ ಎಲ್ಲಿ ಹಿಡಿಯುತ್ತೆ?"

"ಗೊತ್ತಿದ್ದೂ ಯಾಕೆ ಕೇಳ್ತಿದ್ದೆ?"

ಅಕ್ಕ ಸೆರಗಿನಿಂದ ತಂಗಿಯ ಕಣ್ಣೊರೆಸಿದಳು.

"ಗಿಡದ ಮಾತು ಮುಗಿದುಹೋಗಿದ್ರೆ, ಡಾಕ್ಟರ್ ಏನಂದ್ರು ಅಂತ ನೀನು ಕೇಳ್ತಿದ್ದೆ."