ಮುಳುಗುವವನ ಬೆರಳು

ಹೊಳೆಗೆ ಬಿದ್ದವರನ್ನು ಮುಳುಗಿ ಹುಡುಕುವುದು ಗಂಡನ ಕೆಲಸ. ಅವನ ಕೈಗವಸನ್ನು ನಲ್ಲಿಯಡಿ ಹಿಂಡುತ್ತಿದ್ದವಳಿಗೆ ಕೆಸರಿನ ಜೊತೆ ಕೆಂಪು ನೀರೂ ಇಳಿದದ್ದು ಕಂಡಿತು.

“ಏನ್ರೀ, ಕೈ ತೋರ್ಸಿ ಇಲ್ಲಿ.”

ಗಾಳಿಯ ಸಿಲಿಂಡರ್ ಒರೆಸುತ್ತಿದ್ದವನು ಕೈ ಚಾಚಿದ. ತೋರುಬೆರಳು ಆಳವಾಗಿ ಕುಯ್ದುಹೋಗಿತ್ತು.

“ಅಯ್ಯೋ, ಇಷ್ಟಾದ್ರೂ ಗೊತ್ತಾಗ್ಲಿಲ್ವಾ?”

“ಎಮ್ಮೆ ಚರ್ಮ ಅಂತ ನೀನೇ ಬೈತೀಯಲ್ಲ” ಎಂದು ನಕ್ಕ. ಅವಳು ನಗಲಿಲ್ಲ. ಹೊಳೆಯ ತಳದ ರಾಡಿಯಲ್ಲಿ ದೀಪ ಹಿಡಿದರೂ ಮೂಗಿನ ಮುಂದಿನದು ಕಾಣದು. ಅಲ್ಲಿ ಹುಡುಕುವುದೆಲ್ಲ ಬೆರಳಿನಿಂದಲೇ.

ಅವನ ನಗುವೂ ಮೆಲ್ಲಗೆ ಇಳಿಯಿತು. “ಬೆಳಿಗ್ಗೆ ಆ ಹೊಳೆಗೆ ಬಿದ್ದ ಹುಡುಗನ ತಾಯಿಗೆ ಹೇಳಿ ಬಂದ್ಬಿಟ್ಟೆ ಕಣೇ, ನಿಮ್ಮ ಮಗ ಸೇತುವೆ ಕೆಳಗಿಲ್ಲಮ್ಮ ಅಂತ.”

ಬೆರಳು ಜೋಮು ಹಿಡಿಯುತ್ತಿದೆ, ಮುಳುಗುವ ಕೆಲಸದಿಂದ ನನ್ನನ್ನು ಬಿಡಿಸಿ ಎಂದು ಅಧಿಕಾರಿಗೆ ಅವನು ಬರೆದ ಕಾಗದ ನಾಲ್ಕು ತಿಂಗಳಿಂದ ಬೀರುವಿನಲ್ಲೇ ಇತ್ತು. ಅದನ್ನು ತೆಗೆದು ಕೊನೆಯಲ್ಲಿ ಒಂದು ಸಾಲು ಸೇರಿಸಿದ: ‘ಸೇತುವೆಯ ಕೆಳಗೆ ಇಂದೇ ಬೇರೆಯವರು ಮತ್ತೆ ಹುಡುಕಬೇಕು.’ ಬೆರಳಿಗೆ ಸುತ್ತಲು ಬಟ್ಟೆ ತರಲೆಂದು ಅವಳು ಒಳಗೆ ಹೋಗಿ ಬರುವಷ್ಟರಲ್ಲಿ, ಕಾಗದ ಹಿಡಿದು ಅವನು ಕಚೇರಿಯ ದಾರಿ ಹಿಡಿದಾಗಿತ್ತು.