ಬೇವಿನ ಮೇಲಿನ ಬದನಿಕೆ

ಹೊರ್ತಿ ಊರಿನ ಮನೆಯಲ್ಲಿ ನನ್ನ ತಮ್ಮ ಹಿತ್ತಲಿನ ಬೇವಿನ ಟೊಂಗೆ ಕಡಿಸುವಾಗಲೆಲ್ಲ ಹಸಿ ತೊಗಟೆಯ ಕಹಿ ವಾಸನೆ ನನ್ನನ್ನು ಬಾಲ್ಯದ ಆ ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಅಂದು ಮಾವ ಕೊಡಲಿ ಹಿಡಿದು ಅದೇ ಮರ ಹತ್ತಿದ್ದ. ಒಂದು ಟೊಂಗೆಯಲ್ಲಿ ದಪ್ಪ ಎಲೆಯ ಬೇರೆಯೇ ಗಿಡವೊಂದು ಹಸಿರಾಗಿ ತೂಗುತ್ತಿತ್ತು. ಅದರಾಚೆ ಟೊಂಗೆ ಬೋಳಾಗಿತ್ತು.

“ಬದನಿಕಿ ಇದು. ಬೇರು ನೆಲದಾಗಿಲ್ಲ, ಟೊಂಗಿಯೊಳಗ ಐತಿ. ಬೇವಿನ ಸಾರ ಎಲ್ಲಾ ಇದ ಕುಡೀತೈತಿ. ಬಿಟ್ರ ಗಿಡಾನ ಒಣಗಿಸ್ತೈತಿ,” ಎಂದ.

ನಾನು ಮನೆಯ ಕಡೆ ತಿರುಗಿ ನೋಡಿದೆ. ಬಸುರಿ ಅವ್ವ ಒಳಗೆ ಹೊರಸಿನ ಮೇಲೆ ಮಲಗಿದ್ದಳು. ತಿಂದದ್ದು ನಿಲ್ಲದೆ ಸೊರಗಿ, ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. “ಹೊಟ್ಟ್ಯಾಗಿನ ಕೂಸು ಎಲ್ಲಾ ಹೀರ್ಕೊಳ್ಳಾಕತ್ತೈತಿ,” ಎಂದು ಬೆಳಿಗ್ಗೆಯಷ್ಟೇ ಅಜ್ಜಿ ಅಂದಿದ್ದಳು.

ಓಡಿಹೋಗಿ ಅವ್ವನ ಸೆರಗು ಹಿಡಿದೆ. “ಅವ್ವಾ, ಕೂಸು ನಿನ್ನ ಒಣಗಿಸಿಬಿಡ್ತೈತಿ. ತಗಿಸಿಬಿಡು!”

ಅಜ್ಜಿ ಗಾಬರಿಯಾಗಿ ನನ್ನ ಬಾಯಿ ಮುಚ್ಚಿದಳು. ಅವ್ವ ಮಾತ್ರ ನನ್ನ ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗೆ ಏನೋ ಒದೆಯಿತು. ಬೆದರಿ ಕೈ ಕಿತ್ತುಕೊಂಡೆ.

“ಅಂಜಬ್ಯಾಡ. ನೀನೂ ಹಿಂಗ ಕುಡದಾಕಿನ,” ಎಂದು ನಕ್ಕಳು.

ಅದನ್ನು ಕೇಳಿ ನನ್ನ ಅಂಜಿಕೆ ಇನ್ನೂ ಹೆಚ್ಚಾಯಿತು. ಸಂಜೆ ಊಟಕ್ಕೆ ಕುಳಿತಾಗ ನನ್ನ ರೊಟ್ಟಿಯನ್ನು ಸದ್ದಿಲ್ಲದೆ ಅವಳ ತಾಟಿಗೆ ಹಾಕಿದೆ. ಅವಳು ಅದನ್ನು ಮುರಿದು, ದೊಡ್ಡ ತುಂಡನ್ನು ನನಗೇ ತಿನ್ನಿಸಿದಳು.